ಆಚಂದ್ರಾರ್ಕ: ಕ್ರೈಸ್ತರ ಅಂತ್ಯಕಾಲದ ನಂಬಿಕೆಯೂ ವಿಶ್ವದ ಸ್ವಾಭಾವಿಕ ಅಂತ್ಯವೂ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ 'ಆಚಂದ್ರಾರ್ಕ' ಎಂಬ ಮಾತು ಅಪರಿಚಿತವಲ್ಲ. ಚಂದ್ರನೂ ಸೂರ್ಯನೂ ಇರುವವರೆಗೆ ದತ್ತಿಯು ನಡೆಯಬೇಕೆಂಬುದು ಅದರ ಅಭಿಪ್ರಾಯ. ಈ ಭಾವನೆ ಬಹಳ ಹಳೆಯದು. ದೆಹಲಿಯ ಟೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ಅಶೋಕನು ತನ್ನ ಧರ್ಮಕಾರ್ಯವು ಮಕ್ಕಳು ಮರಿಮಕ್ಕಳ ಕಾಲದವರೆಗೂ, ಸೂರ್ಯಚಂದ್ರರಿರುವವರೆಗೂ ನಡೆಯಲೆಂದು ಬಯಸಿದ್ದಾನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲಿಯೂ ಈ ಪ್ರಯತ್ನವು ಚಿರಸ್ಥಾಯಿಯಾಗಲೆಂಬ ಹಾರೈಕೆಯನ್ನು ಕಾಣಬಹುದು.

ಹಾಗಾದರೆ ಸೂರ್ಯಚಂದ್ರರು ಎಷ್ಟು ಕಾಲ ಇರುವರು? ಅವರಿಲ್ಲದ ಒಂದು ದಿನ ಬರುವುದೇ? ಬರುವುದಾದರೆ ಧರ್ಮಗ್ರಂಥಗಳು ಹೇಳುವ ಅಂತ್ಯವೂ ವಿಜ್ಞಾನವು ಹೇಳುವ ಅಂತ್ಯವೂ ಒಂದೆಯೇ? ತರಗತಿಯಲ್ಲಿ ವಿದ್ಯಾರ್ಥಿಗಳು ಈ ಪ್ರಶ್ನೆಗಳನ್ನು ಆಗಾಗ ಕೇಳುವುದುಂಟು. ಕ್ರೈಸ್ತ ಮತದ ಅಂತ್ಯಕಾಲದ ನಂಬಿಕೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಕನ್ನಡಕ್ಕೆ ಬಂದ ಬಗೆ

ಈ ನಂಬಿಕೆಯು ಕನ್ನಡದ ಮಾತಿನಲ್ಲಿ ಅಚ್ಚಾಗಿ ಬಂದದ್ದರಲ್ಲಿ ಮೊಳಕಾಲ್ಮೂರಿಗೆ ನೆರೆಯಾದ ಬಳ್ಳಾರಿಯ ಪಾತ್ರ ದೊಡ್ಡದು. ಲಂಡನ್ ಮಿಷನರಿ ಸಂಘದ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಅಲ್ಲಿ ನೆಲೆಸಿ ಬೈಬಲಿನ ಭಾಷಾಂತರವನ್ನು ಕೈಗೊಂಡರು. 1830ರ ದಶಕದ ಆದಿಭಾಗದ ಹೊತ್ತಿಗೆ ಸಂಪೂರ್ಣ ಬೈಬಲು ಕನ್ನಡದಲ್ಲಿ ಅಚ್ಚಾಗಿತ್ತು. ಅಂತ್ಯವನ್ನು ಕುರಿತ ಮಾತುಗಳು ಕನ್ನಡದಲ್ಲಿ ಮೊದಲೇ ಇದ್ದುವು; ಆದರೆ ಅವು ಬೇರೊಂದು ಕಾಲಕಲ್ಪನೆಗೆ ಸೇರಿದ್ದುವು. ಪುರಾಣಗಳ ಪ್ರಕಾರ ಬ್ರಹ್ಮನ ಒಂದು ಹಗಲು, ಎಂದರೆ ಒಂದು ಕಲ್ಪ, 432 ಕೋಟಿ ವರ್ಷ. ಪ್ರಳಯದ ಬಳಿಕ ಮತ್ತೆ ಸೃಷ್ಟಿ, ಕಲಿಯ ಬಳಿಕ ಮತ್ತೆ ಕೃತಯುಗ. ಜೈನರ ಮತದಲ್ಲಿಯಂತೂ ಲೋಕಕ್ಕೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಉತ್ಸರ್ಪಿಣಿ ಅವಸರ್ಪಿಣಿಗಳು ಮಾತ್ರ ತಿರುಗುತ್ತಿರುತ್ತವೆ.

ಕನ್ನಡ ಬೈಬಲಿನಲ್ಲಿ 'ಜಲಪ್ರಳಯ' ಎಂಬ ಶಬ್ದವು ನೋಹನ ಕಾಲದ, ಆಗಿಹೋದ ಘಟನೆಗೆ ಸಂದಿದೆ. ಮುಂದೆ ಬರಲಿರುವುದಕ್ಕೆ 'ಯುಗದ ಸಮಾಪ್ತಿ' ಎಂಬಂಥ ಮಾತು ಬಳಕೆಯಾಯಿತು. ಚಕ್ರದಂತೆ ತಿರುಗುವ ಕಾಲಕ್ಕಾಗಿ ಹುಟ್ಟಿದ ಶಬ್ದವು ಒಮ್ಮೆ ಮಾತ್ರ ಸಾಗುವ ಕಾಲವನ್ನು ಸೂಚಿಸಬೇಕಾಯಿತು. ಓದುಗರಲ್ಲಿ ಎರಡು ಕಲ್ಪನೆಗಳೂ ಬೆರೆತುಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

೨. ನಂಬಿಕೆಯ ಸ್ವರೂಪ

ಕ್ರೈಸ್ತರ ದೃಷ್ಟಿಯಲ್ಲಿ ಅಂತ್ಯವೆಂದರೆ ಬರಿಯ ನಾಶವಲ್ಲ. ಕ್ರಿಸ್ತನ ಪುನರಾಗಮನ, ಸತ್ತವರ ಪುನರುತ್ಥಾನ, ನ್ಯಾಯತೀರ್ಪು, ನೂತನ ಆಕಾಶ ಮತ್ತು ನೂತನ ಭೂಮಿ, ಇವು ಅದರ ಮುಖ್ಯಾಂಗಗಳು. ಸುವಾರ್ತೆಗಳಲ್ಲಿ ಸೂರ್ಯನು ಕತ್ತಲಾಗುವ, ನಕ್ಷತ್ರಗಳು ಉದುರುವ ವರ್ಣನೆಗಳಿವೆ. ಪೇತ್ರನ ಎರಡನೆಯ ಪತ್ರದಲ್ಲಿ ಭೂತತತ್ತ್ವಗಳು ಬೆಂಕಿಯಲ್ಲಿ ಕರಗುವ ಮಾತಿದೆ. ಇದಕ್ಕೆ ಪ್ರತಿಯಾಗಿ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಸೃಷ್ಟಿಯೆಲ್ಲವೂ ಬಿಡುಗಡೆಗಾಗಿ ಕಾದಿದೆಯೆಂದು ಹೇಳಿದ್ದಾನೆ. ಒಂದು ಕಡೆ ದಹನ, ಇನ್ನೊಂದು ಕಡೆ ವಿಮೋಚನೆ: ಈ ಎರಡರ ನಡುವಣ ಬಿಗಿತವು ಕ್ರೈಸ್ತ ಚಿಂತನೆಯಲ್ಲಿ ಇಂದಿಗೂ ಸಡಿಲವಾಗಿಲ್ಲ.

ಎಲ್ಲ ಕ್ರೈಸ್ತರೂ ಇವನ್ನು ಒಂದೇ ರೀತಿಯಲ್ಲಿ ಅರ್ಥಮಾಡುವುದಿಲ್ಲ. ಪ್ರಕಟನೆ ಗ್ರಂಥದ ಸಾವಿರ ವರ್ಷಗಳ ಆಳಿಕೆಯನ್ನು ಅಕ್ಷರಶಃ ನಂಬುವವರುಂಟು. ಐದನೆಯ ಶತಮಾನದ ಆರಂಭದಲ್ಲಿ 'ದೇವನಗರ'ವನ್ನು ಬರೆದ ಸಂತ ಅಗಸ್ಟೀನನಾದರೋ ಅದನ್ನು ಸಭೆಯು ಈ ಲೋಕದಲ್ಲಿ ಬಾಳುವ ಕಾಲಕ್ಕೆ ಸಂಕೇತವೆಂದು ತಿಳಿದನು. ಆ ದಿನ ಯಾವುದೆಂಬುದು ಮನುಷ್ಯರಿಗೆ ತಿಳಿಯದೆಂದು ಸುವಾರ್ತೆಯೇ ಸ್ಪಷ್ಟವಾಗಿ ಹೇಳಿದ್ದರೂ ದಿನವನ್ನು ಗೊತ್ತುಮಾಡಲು ಹೊರಟವರು ಇಲ್ಲದಿಲ್ಲ. ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕಾದು ಕುಳಿತು ನಿರಾಶರಾದರು. ಈ ದೌರ್ಬಲ್ಯವು ಒಂದು ಮತಕ್ಕೆ ಮಾತ್ರ ಸೇರಿದುದಲ್ಲ. 1962ರ ಫೆಬ್ರವರಿಯಲ್ಲಿ ಅಷ್ಟಗ್ರಹಕೂಟದ ಭೀತಿಯಿಂದ ನಮ್ಮ ದೇಶದಲ್ಲಿಯೂ ಅನೇಕ ಕಡೆ ಯಜ್ಞಗಳು ನಡೆದುವು.

೩. ವಿಜ್ಞಾನದ ಮಾತು

ಇನ್ನು ವಿಜ್ಞಾನವು ಹೇಳುವುದನ್ನು ನೋಡೋಣ. ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಷ್ಟು ನಮ್ಮಿಂದ ದೂರ ಸರಿಯುತ್ತಿದ್ದಾನೆ. 1969ರಿಂದ ಅಲ್ಲಿ ಇರಿಸಲಾದ ಪ್ರತಿಫಲಕಗಳಿಗೆ ಲೇಸರ್ ಕಿರಣಗಳನ್ನು ಕಳುಹಿಸಿ ಇದನ್ನು ಅಳೆದಿದ್ದಾರೆ. ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ ವಯಸ್ಸು. ಅವನ ಪ್ರಕಾಶವು ಮೆಲ್ಲಮೆಲ್ಲನೆ ಹೆಚ್ಚುತ್ತಿರುವುದರಿಂದ ಇನ್ನು ಸುಮಾರು 100 ಕೋಟಿ ವರ್ಷಗಳಲ್ಲಿ ಭೂಮಿಯ ಸಮುದ್ರಗಳು ಉಳಿಯುವುದು ಕಷ್ಟ. ಸುಮಾರು 500 ಕೋಟಿ ವರ್ಷಗಳ ಬಳಿಕ ಅವನು ಕೆಂಪು ದೈತ್ಯನಾಗಿ ಉಬ್ಬಿ, ಕೊನೆಗೆ ಶ್ವೇತಕುಬ್ಜವಾಗಿ ಕುಗ್ಗುವನು.

ವಿಶ್ವದ ಕಥೆ ಇದಕ್ಕಿಂತ ದೀರ್ಘವಾದುದು. ಶಾಖವು ಬಿಸಿಯಾದುದರಿಂದ ತಣ್ಣಗಿರುವುದಕ್ಕೆ ಹರಿಯುವುದೇ ಹೊರತು ತಾನಾಗಿ ಹಿಂದಿರುಗದು. ಈ ನಿಯಮದ ಆಧಾರದ ಮೇಲೆ 1852ರಲ್ಲಿ ವಿಲಿಯಂ ಥಾಮ್ಸನ್ನರೂ 1854ರಲ್ಲಿ ಹೆಲ್ಮ್‌ಹೋಲ್ಟ್ಸರೂ ಪ್ರಕೃತಿಯ ಉಪಯುಕ್ತ ಶಕ್ತಿಯು ಕ್ರಮವಾಗಿ ಚೆದರಿಹೋಗುವುದೆಂದು ತೋರಿಸಿದರು. ಸುಮಾರು 1380 ಕೋಟಿ ವರ್ಷ ವಯಸ್ಸಿನ ವಿಶ್ವವು ಹಿಗ್ಗುತ್ತಿರುವುದಷ್ಟೇ ಅಲ್ಲ, ಹಿಗ್ಗುವ ವೇಗವೂ ಹೆಚ್ಚುತ್ತಿದೆಯೆಂದು 1998ರಲ್ಲಿ ಎರಡು ತಂಡಗಳು ಪ್ರಕಟಿಸಿದುವು. ಈ ಶೋಧಕ್ಕೆ 2011ರ ನೊಬೆಲ್ ಬಹುಮಾನ ಸಂದಿತು. ಹೀಗೆಯೇ ಮುಂದುವರಿದರೆ ಹೊಸ ನಕ್ಷತ್ರಗಳು ಹುಟ್ಟುವುದು ನಿಂತು, ಇದ್ದವು ಆರಿ, ಕತ್ತಲೂ ಶೀತವೂ ಉಳಿಯುವುವು. ಅದಕ್ಕೆ ಬೇಕಾಗುವ ಕಾಲವನ್ನು ಬರೆಯಲು ಒಂದರ ಮುಂದೆ ಹದಿನಾಲ್ಕು ಸೊನ್ನೆಗಳನ್ನಾದರೂ ಇಡಬೇಕು.

೪. ಇವೆರಡಕ್ಕೂ ಇರುವ ಸಂಬಂಧ

ಪೇತ್ರನ ಪತ್ರದ ಬೆಂಕಿಯೇ ಉಬ್ಬಿದ ಸೂರ್ಯನೆಂದು ಹೊಂದಿಸಿಬಿಡುವುದು ಸುಲಭ; ಕಲ್ಪದ 432 ಕೋಟಿಯನ್ನು ಸೂರ್ಯನ ವಯಸ್ಸಿನೊಡನೆ ಹೊಂದಿಸುವುದೂ ಅಷ್ಟೇ ಸುಲಭ. ಎರಡೂ ಸರಿಯಲ್ಲ. ವಿಜ್ಞಾನದ ಅಂತ್ಯದಲ್ಲಿ ತೀರ್ಪಿಲ್ಲ, ತೀರ್ಪು ಕೇಳುವ ಜನರೂ ಇರಲಾರರು. ಮತದ ಅಂತ್ಯದಲ್ಲಿಯಾದರೋ ತೀರ್ಪೇ ಮುಖ್ಯ, ಬೆಂಕಿ ಅದರ ಸಾಧನ ಮಾತ್ರ. ಇಂಥ ಹೊಂದಾಣಿಕೆಯ ಅಪಾಯವನ್ನು ಬಲ್ಲವರಲ್ಲಿ ಬೆಲ್ಜಿಯಮಿನ ಪಾದ್ರಿ, ಖಗೋಳಜ್ಞ ಜಾರ್ಜ್ ಲೆಮೈತ್ರ್ ಒಬ್ಬರು. ಹಿಗ್ಗುವ ವಿಶ್ವದ ಸಿದ್ಧಾಂತವನ್ನು 1927ರಲ್ಲಿ ಮಂಡಿಸಿದ ಅವರು, 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಆ ವಿಜ್ಞಾನದಲ್ಲಿ ದೈವಸೃಷ್ಟಿಗೆ ಸಾಕ್ಷ್ಯವನ್ನು ಕಂಡು ಮಾತನಾಡಿದಾಗ ಸಂತೋಷಪಡಲಿಲ್ಲ. ವಿಜ್ಞಾನದ ಸಿದ್ಧಾಂತವು ನಾಳೆ ಬದಲಾದರೆ ಅದಕ್ಕೆ ಕಟ್ಟಿದ ನಂಬಿಕೆಯ ಗತಿಯೇನು? ಆದಿಯನ್ನು ಕುರಿತ ಈ ಎಚ್ಚರವು ಅಂತ್ಯಕ್ಕೂ ಸಲ್ಲುತ್ತದೆ.

ಹಾಗೆಂದು ಎರಡನ್ನೂ ಸಂಪೂರ್ಣವಾಗಿ ಬೇರ್ಪಡಿಸಿದರೂ ಸಾಲದು. ಈ ಸೃಷ್ಟಿಗೇ ಬಿಡುಗಡೆಯಿದೆಯೆನ್ನುವ ಮತವು ಈ ಸೃಷ್ಟಿ ತಣ್ಣಗಾಗಿ ಹೋಗುವುದೆಂಬ ಮಾತನ್ನು ಕೇಳದಂತೆ ಇರಲಾಗದು. ಭೌತವಿಜ್ಞಾನಿಯೂ ಆಂಗ್ಲಿಕನ್ ಪಾದ್ರಿಯೂ ಆಗಿದ್ದ ಜಾನ್ ಪೋಕಿಂಗ್‌ಹಾರ್ನ್ (1930–2021) ಈ ತೊಡಕನ್ನು ಮರೆಮಾಚಲಿಲ್ಲ. ಪ್ರಕೃತಿಯ ನಿಯಮಗಳಿಂದಲೇ ಶಾಶ್ವತವಾದ ಆಶೆ ಹುಟ್ಟಲಾರದೆಂದು ಅವರು ಒಪ್ಪಿದರು. ನೂತನ ಸೃಷ್ಟಿಯು ಶೂನ್ಯದಿಂದಲ್ಲ, ಹಳೆಯದರ ರೂಪಾಂತರದಿಂದ ದೇವರು ಮಾಡುವಂಥದು ಎಂಬುದು ಅವರ ವಾದ. ಇದನ್ನು ದೂರದರ್ಶಕದಿಂದ ಸಿದ್ಧಪಡಿಸಲೂ ಆಗದು, ಖಂಡಿಸಲೂ ಆಗದು; ಅದು ಶ್ರದ್ಧೆಯ ಮಾತು. ಶ್ರದ್ಧೆಯ ಮಾತೆಂದು ತಿಳಿದು ಓದಿದರೆ ಗೊಂದಲವಿಲ್ಲ.

೫. ಚರಿತ್ರೆಯ ವಿದ್ಯಾರ್ಥಿಗೆ

ಜನಸಾಮಾನ್ಯರ ಅನುಭವದಲ್ಲಿ ಲೋಕಾಂತ್ಯವು ಕೋಟಿ ವರ್ಷಗಳಾಚೆಯ ವಿಷಯವಾಗಿರಲಿಲ್ಲ. ಮಳೆ ಕಡಿಮೆಯಾದ ಚಳ್ಳಕೆರೆ ಸೀಮೆಯಲ್ಲಿ ಒಂದು ಕೆರೆ ಬತ್ತಿದರೆ ಊರಿಗೆ ಊರೇ ಕೊನೆಗಂಡಂತೆ. ಮಾರಮ್ಮನ ಜಾತ್ರೆಗೆ ಹೆಸರಾದ ಗೌರಸಮುದ್ರದ ಹೆಸರಿನಲ್ಲಿಯೇ ಸಮುದ್ರವಿದೆ. ನಮ್ಮ ಊರುಗಳ ಹೆಸರಿನಲ್ಲಿ ಬರುವ ಈ ಶಬ್ದಕ್ಕೆ ಕೆರೆಯೆಂದು ಅರ್ಥ. ಮಾರಿಯಾದರೋ ರೋಗರುಜಿನಗಳಿಂದ ಊರನ್ನು ಕಾಯುವಳೆಂದು ಜನರು ನಂಬಿದ ದೇವತೆ. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ನಷ್ಟವಾಯಿತೆಂದು ಅಂದಾಜು. ಆ ಕಾಲದವರಿಗೆ ಪ್ರಳಯವೆಂಬುದು ಗ್ರಂಥದ ಮಾತಾಗಿ ಉಳಿದಿರಲಾರದು.

ಮತ್ತೆ ಶಾಸನದ ಮಾತಿಗೆ ಬರೋಣ. ಆಚಂದ್ರಾರ್ಕವೆಂದು ಬರೆಯಿಸಿದವರು ಖಗೋಳಗಣಿತ ಮಾಡುತ್ತಿರಲಿಲ್ಲ. ಅಂಥ ಶಾಸನಗಳ ಕೊನೆಯಲ್ಲಿ ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುವನೆಂಬ ಶಾಪವೂ ಅನೇಕ ವೇಳೆ ಇರುತ್ತದೆ. ಎರಡು ಕಾಲಮಾನಗಳ ಉದ್ದೇಶವೂ ಒಂದೇ: ಕೆರೆಯನ್ನೋ ಗದ್ದೆಯನ್ನೋ ಮುಂದಿನವರು ಕೆಡಿಸದಿರಲಿ ಎಂಬುದು. ಕ್ರೈಸ್ತರ ನ್ಯಾಯತೀರ್ಪಿನ ದಿನವೂ ಇದೇ ಜಾತಿಯದು. ಎಂದೋ ಬರುವ ಅಂತ್ಯವನ್ನು ತೋರಿಸಿ ಇಂದಿನ ನಡತೆಯನ್ನು ಕೇಳುತ್ತದೆ. ವಿಜ್ಞಾನವು ನಮಗೆ ಕೊಟ್ಟ ಅವಧಿ ದೊಡ್ಡದು. ಆದರೆ ಕೆರೆಯ ಹೂಳು ತೆಗೆಯಲು ಸೂರ್ಯನು ಇನ್ನೂ 500 ಕೋಟಿ ವರ್ಷ ಉರಿಯುವನೆಂಬುದು ನೆಪವಾಗದು. ಲೋಕವು ನಾಳೆಯೇ ಮುಗಿಯುವುದೆಂಬುದೂ ನೆಪವಾಗದು. ವಿದ್ಯಾರ್ಥಿಗಳು ಈ ಎರಡು ಅಂತ್ಯಗಳನ್ನೂ ಬೇರೆ ಬೇರೆಯಾಗಿ ತಿಳಿದು, ಒಂದೊಂದನ್ನೂ ಅದರದರ ಪ್ರಮಾಣದಿಂದ ಅಳೆಯುವುದನ್ನು ಕಲಿತರೆ ಈ ವಿವೇಚನೆಯು ಸಾರ್ಥಕವಾದಂತೆ.