ಆರೈಕೆ ಮಾಡುವವರಿಗೇ ಕಾಯಿಲೆ ಬಂದರೆ: ಕ್ಯಾಲಿಫೋರ್ನಿಯಾದ ಸಿಕ್ ಲೀವ್ ನಿಯಮಗಳು

ವೃದ್ಧರು, ಅಂಗವಿಕಲರು ಮತ್ತು ದೀರ್ಘಕಾಲದ ರೋಗಿಗಳ ಮನೆಗೇ ಹೋಗಿ ಸ್ನಾನ ಮಾಡಿಸುವುದು, ಉಣಿಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ಮನೆ ಆರೈಕೆ ಕಾರ್ಮಿಕರ ಕೆಲಸ. ಅಮೆರಿಕದಲ್ಲಿ ಲಕ್ಷಾಂತರ ಜನ ಈ ವೃತ್ತಿಯಲ್ಲಿದ್ದಾರೆ. ಅವರಲ್ಲಿ ಬಹುಪಾಲು ಹೆಂಗಸರು. ದುಡಿದ ಗಂಟೆಗೆ ತಕ್ಕಂತೆ ಕೂಲಿ ಸಿಗುವುದರಿಂದ, ಜ್ವರ ಬಂದು ಮಲಗಿದ ದಿನ ಸಂಪಾದನೆ ಇಲ್ಲ. ಮನೆ ಬಾಡಿಗೆಗೆ ಹೆದರಿ ಜ್ವರದಲ್ಲೇ ಕೆಲಸಕ್ಕೆ ಹೋದರೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಸೋಂಕು ತಗಲುತ್ತದೆ. ಆದ್ದರಿಂದ ಇವರಿಗೆ ಸಿಗುವ ಸಂಬಳ ಸಹಿತ ಕಾಯಿಲೆ ರಜೆ, ಅಂದರೆ ಸಿಕ್ ಲೀವ್, ಅವರದಷ್ಟೇ ಅಲ್ಲ, ಅವರನ್ನು ನಂಬಿದ ರೋಗಿಯ ರಕ್ಷಣೆಯೂ ಹೌದು.

ಅಮೆರಿಕದ ಖಾಸಗಿ ವಲಯದ ಎಲ್ಲ ಕಾರ್ಮಿಕರಿಗೂ ಸಂಬಳ ಸಹಿತ ಸಿಕ್ ಲೀವ್ ಕೊಡಿಸುವ ಕೇಂದ್ರ ಕಾನೂನು ಇಲ್ಲ. 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯಿದೆ 12 ವಾರಗಳ ರಜೆ ಕೊಡುತ್ತದೆ, ಆದರೆ ಆ ರಜೆಗೆ ಸಂಬಳವಿಲ್ಲ. 50ಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗಳಿಗೆ ಅದು ಅನ್ವಯಿಸುವುದೂ ಇಲ್ಲ. ಕೋವಿಡ್ ಬಂದಾಗ 2020ರಲ್ಲಿ ಕೇಂದ್ರ ಸರ್ಕಾರ ತಾತ್ಕಾಲಿಕವಾಗಿ 80 ಗಂಟೆಗಳವರೆಗೆ ಸಂಬಳ ಸಹಿತ ರಜೆ ಜಾರಿಗೆ ತಂದಿತು. ಆದರೆ ಆರೋಗ್ಯ ಸೇವೆಯ ನೌಕರರನ್ನು ಅದರಿಂದ ಹೊರಗಿಡುವ ಅವಕಾಶವನ್ನು ಮಾಲೀಕರಿಗೆ ಕೊಟ್ಟಿತ್ತು. ಹೀಗಾಗಿ ಈ ಹಕ್ಕು ಬೆಳೆದದ್ದು ನಗರ ಮತ್ತು ರಾಜ್ಯಗಳ ಮಟ್ಟದಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಮತದಾರರು 2006ರಲ್ಲಿ ಇಂಥ ನಿಯಮಕ್ಕೆ ಒಪ್ಪಿಗೆ ಕೊಟ್ಟರು. 2011ರಲ್ಲಿ ಕನೆಕ್ಟಿಕಟ್ ರಾಜ್ಯ ಕಾನೂನು ಮಾಡಿತು. 2014ರಲ್ಲಿ ಕ್ಯಾಲಿಫೋರ್ನಿಯಾ ಅದೇ ದಾರಿ ಹಿಡಿಯಿತು.

ಕ್ಯಾಲಿಫೋರ್ನಿಯಾದಲ್ಲಿ ಮನೆ ಆರೈಕೆಯ ಬಹುದೊಡ್ಡ ಯೋಜನೆ ‘ಇನ್-ಹೋಮ್ ಸಪೋರ್ಟಿವ್ ಸರ್ವಿಸಸ್’, ಚಿಕ್ಕದಾಗಿ ಐಎಚ್ಎಸ್ಎಸ್. ಕಡಿಮೆ ಆದಾಯದ ವೃದ್ಧರು ಮತ್ತು ಅಂಗವಿಕಲರು ನರ್ಸಿಂಗ್ ಹೋಮ್ ಸೇರದೆ ತಮ್ಮ ಮನೆಯಲ್ಲೇ ಬದುಕುವಂತೆ ಮಾಡುವುದು ಅದರ ಉದ್ದೇಶ. ಆರು ಲಕ್ಷಕ್ಕೂ ಹೆಚ್ಚು ಆರೈಕೆದಾರರು ಇದರಲ್ಲಿ ದುಡಿಯುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ರೋಗಿಯ ಸಂಬಂಧಿಕರೇ. ಇಲ್ಲಿ ಮಾಲೀಕ ಯಾರು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕೆಲಸಕ್ಕೆ ಇಟ್ಟುಕೊಳ್ಳುವವರು, ಬಿಡಿಸುವವರು, ಕೆಲಸ ಹೇಳುವವರು ಆರೈಕೆ ಪಡೆಯುವವರು. ಸಂಬಳ ಕೊಡುವುದು ಸರ್ಕಾರ. ಎಷ್ಟು ಗಂಟೆಗಳ ಸೇವೆ ಬೇಕೆಂದು ತೀರ್ಮಾನಿಸುವುದು ಕೌಂಟಿ ಎಂಬ ಜಿಲ್ಲಾಡಳಿತ. ಈ ಕಾರ್ಮಿಕರಿಗೆ ರಜೆ ಕೊಟ್ಟರೆ ಅದರ ಖರ್ಚು ಸರ್ಕಾರದ ಬೊಕ್ಕಸದ ಮೇಲೇ ಬೀಳುತ್ತದೆ. 2015ರ ಜುಲೈನಲ್ಲಿ ಜಾರಿಗೆ ಬಂದ ರಾಜ್ಯದ ಸಿಕ್ ಲೀವ್ ಕಾನೂನು ಇವರನ್ನು ಹೊರಗಿಟ್ಟಿತ್ತು. ಹೋಟೆಲಿನವರಿಗೂ ಅಂಗಡಿಯವರಿಗೂ ಸಿಕ್ಕ ರಜೆ, ಹಾಸಿಗೆ ಹಿಡಿದವರ ಸೇವೆ ಮಾಡುವವರಿಗೆ ಸಿಗಲಿಲ್ಲ.

ಈ ಅನ್ಯಾಯವನ್ನು ಸರಿಪಡಿಸಿದ್ದು 2016ರ ತಿದ್ದುಪಡಿ. ಕನಿಷ್ಠ ಕೂಲಿಯನ್ನು ಹಂತಹಂತವಾಗಿ 15 ಡಾಲರಿಗೆ ಏರಿಸುವ ಕಾನೂನಿನಲ್ಲೇ ಐಎಚ್ಎಸ್ಎಸ್ ಕಾರ್ಮಿಕರ ಸಿಕ್ ಲೀವ್ ಕೂಡ ಸೇರಿತು. 2018ರ ಜುಲೈ 1ರಿಂದ ವರ್ಷಕ್ಕೆ 8 ಗಂಟೆ ಸಿಕ್ಕಿತು. ಕನಿಷ್ಠ ಕೂಲಿ ಏರಿದಂತೆ ಅದು 16 ಗಂಟೆಗೆ, ಆಮೇಲೆ 24 ಗಂಟೆಗೆ ಬೆಳೆಯಿತು. 2023ರಲ್ಲಿ ರಾಜ್ಯ ಎಲ್ಲ ಕಾರ್ಮಿಕರ ರಜೆಯನ್ನು ಹೆಚ್ಚಿಸಿದಾಗ ಇವರಿಗೂ 2024ರಲ್ಲಿ ವರ್ಷಕ್ಕೆ 40 ಗಂಟೆ, ಅಂದರೆ ಎಂಟು ಗಂಟೆಯ ಲೆಕ್ಕದಲ್ಲಿ ಐದು ದಿನ, ದೊರೆಯಿತು.

ಹೊಸದಾಗಿ ಸೇರಿದವರು ಮೊದಲು 100 ಗಂಟೆ ಕೆಲಸ ಮಾಡಿದರೆ ರಜೆ ಅವರ ಲೆಕ್ಕಕ್ಕೆ ಜಮೆಯಾಗುತ್ತದೆ. ಆನಂತರ ಇನ್ನೂ 200 ಗಂಟೆ ದುಡಿದರೆ ಅಥವಾ 60 ದಿನ ಕಳೆದರೆ, ಯಾವುದು ಮೊದಲೋ ಆಗಿನಿಂದ, ಅದನ್ನು ಬಳಸಬಹುದು. ಲೆಕ್ಕದ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಉಳಿದ ಗಂಟೆಗಳು ಮುಂದಿನ ವರ್ಷಕ್ಕೆ ಸೇರುವುದಿಲ್ಲ. ಎರಡು ಮೂರು ಮನೆಗಳಲ್ಲಿ ಕೆಲಸ ಮಾಡಿದರೂ ಒಬ್ಬರಿಗೆ ಒಟ್ಟು 40 ಗಂಟೆಯೇ. ತಮ್ಮ ಕಾಯಿಲೆಗೆ, ವೈದ್ಯರ ತಪಾಸಣೆಗೆ, ಮನೆಯವರ ಶುಶ್ರೂಷೆಗೆ ಈ ರಜೆ ಹಾಕಬಹುದು. ಕೌಟುಂಬಿಕ ಹಿಂಸೆ ಅಥವಾ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು ರಕ್ಷಣೆ ಹುಡುಕಿಕೊಳ್ಳಲೂ ಇದು ಒದಗುತ್ತದೆ. ಮೊದಲೇ ಗೊತ್ತಿದ್ದ ರಜೆಯಾದರೆ ಆರೈಕೆ ಪಡೆಯುವವರಿಗೆ ಮುಂಚಿತವಾಗಿ ತಿಳಿಸಬೇಕು. ದಿಢೀರನೆ ಕಾಯಿಲೆ ಬಿದ್ದರೆ ಆದಷ್ಟು ಬೇಗ ಹೇಳಬೇಕು. ಸಂಬಳಕ್ಕಾಗಿ ಪ್ರತ್ಯೇಕ ಅರ್ಜಿಯನ್ನು ಕಾಗದದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಸಲ್ಲಿಸಬೇಕು.

ಕಾರ್ಮಿಕರು ರಜೆ ಪಡೆದ ಗಂಟೆಗಳನ್ನು ಆರೈಕೆ ಪಡೆಯುವವರಿಗೆ ಮಂಜೂರಾದ ಸೇವೆಯ ಗಂಟೆಗಳಿಂದ ಕಳೆಯುವುದಿಲ್ಲ. ಕಳೆಯುವಂತಿದ್ದರೆ ಒಬ್ಬರ ಹಕ್ಕು ಇನ್ನೊಬ್ಬರ ನಷ್ಟವಾಗುತ್ತಿತ್ತು. ರಜೆ ಕೇಳುವುದಕ್ಕೇ ಆರೈಕೆದಾರರು ಹಿಂಜರಿಯುತ್ತಿದ್ದರು.

ಖಾಸಗಿ ಏಜೆನ್ಸಿಗಳ ಮೂಲಕ ದುಡಿಯುವವರಿಗೆ ರಾಜ್ಯದ ಸಾಮಾನ್ಯ ನಿಯಮ ಅನ್ವಯ. ದುಡಿದ ಪ್ರತಿ 30 ಗಂಟೆಗೆ ಕನಿಷ್ಠ ಒಂದು ಗಂಟೆ ರಜೆ ಕೂಡುತ್ತದೆ. ಕೆಲಸಕ್ಕೆ ಸೇರಿದ 90ನೇ ದಿನದಿಂದ ಅದನ್ನು ಬಳಸಬಹುದು. ಹೀಗೆ ಕೂಡಿದ ರಜೆ ಮುಂದಿನ ವರ್ಷಕ್ಕೂ ಸಾಗುತ್ತದೆ. ಬದಲಿ ಆಳನ್ನು ನೀವೇ ಹುಡುಕಿಕೊಟ್ಟು ರಜೆ ಹಾಕಿ ಎಂದು ಮಾಲೀಕರು ಷರತ್ತು ಹಾಕುವಂತಿಲ್ಲ. ರಜೆ ಕೇಳಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಬೆದರಿಸುವುದು ಕಾನೂನುಬಾಹಿರ. ವಲಸೆ ಬಂದವರ ದಾಖಲೆಪತ್ರ ಹೇಗೇ ಇರಲಿ, ಈ ರಕ್ಷಣೆ ಅವರಿಗೂ ಇದೆ. ಈ ವೃತ್ತಿಯಲ್ಲಿ ವಲಸಿಗರು ಹೆಚ್ಚಿರುವುದರಿಂದ ಇದು ಸಣ್ಣ ಮಾತಲ್ಲ.

ಕಾರ್ಖಾನೆಯಲ್ಲಿ ಒಬ್ಬರು ಬಾರದಿದ್ದರೆ ಕೆಲಸ ನಾಳೆಗೆ ಉಳಿಯಬಹುದು. ತಾನಾಗಿ ಎದ್ದು ಕೂರಲಾರದವರನ್ನು ಹಾಸಿಗೆಯಿಂದ ಎಬ್ಬಿಸುವ ಕೆಲಸ ನಾಳೆಗೆ ಉಳಿಯುವುದಿಲ್ಲ. ಆದ್ದರಿಂದ ಕ್ಯಾಲಿಫೋರ್ನಿಯಾ 2022ರ ಅಕ್ಟೋಬರಿನಿಂದ ಐಎಚ್ಎಸ್ಎಸ್‌ಗೆ ಬದಲಿ ಆರೈಕೆದಾರರ ವ್ಯವಸ್ಥೆಯನ್ನು ತಂದಿತು. ಖಾಯಂ ಆರೈಕೆದಾರರು ದಿಢೀರನೆ ಬಾರದಿದ್ದಾಗ ಕೌಂಟಿಯನ್ನು ಸಂಪರ್ಕಿಸಿದರೆ ಬೇರೊಬ್ಬರನ್ನು ಕಳಿಸುವ ಏರ್ಪಾಡು ಅದು. ಹಾಗೆ ಹೋಗುವವರಿಗೆ ಮಾಮೂಲಿ ಕೂಲಿಗಿಂತ ಹೆಚ್ಚು ದರವಿದೆ. ಬದಲಿಯವರು ಬಂದೇ ಬರುತ್ತಾರೆ ಎಂಬ ಭರವಸೆ ಇದ್ದಾಗಲೇ ಆರೈಕೆದಾರರು ನಿಶ್ಚಿಂತೆಯಿಂದ ಮಲಗಿ ಚೇತರಿಸಿಕೊಳ್ಳಲು ಸಾಧ್ಯ.

ಐದು ದಿನಕ್ಕೆ ಮುಗಿಯದ ಕಾಯಿಲೆಗೆ ರಾಜ್ಯದ ಅಂಗವೈಕಲ್ಯ ವಿಮೆ ಇದೆ. ಸಂಬಳದ ಒಂದು ಪಾಲನ್ನು ಅದು ಕಟ್ಟಿಕೊಡುತ್ತದೆ. ಆದರೆ ಮೊದಲ ಏಳು ದಿನಗಳಿಗೆ ಅದರಿಂದ ಹಣ ಬರುವುದಿಲ್ಲ. ಆ ಅವಧಿಯನ್ನು ದಾಟಿಸಲು ಸಿಕ್ ಲೀವಿನ 40 ಗಂಟೆ ನೆರವಾಗುತ್ತದೆ. ಗಂಡನನ್ನು ನೋಡಿಕೊಳ್ಳುವ ಹೆಂಡತಿ, ಮಗುವಿನ ಆರೈಕೆದಾರರಾದ ತಂದೆತಾಯಿ ಸಾಮಾನ್ಯವಾಗಿ ಈ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಅವರ ಪಾಲಿಗೆ ಸಿಕ್ ಲೀವೇ ಮುಖ್ಯ ಆಸರೆ. ಹೊರಗಿಟ್ಟವರನ್ನು ಒಳಗೆ ತಂದು, ಒಂದು ದಿನದ ರಜೆಯನ್ನು ಐದು ದಿನಕ್ಕೆ ಏರಿಸಿದ ರಾಜ್ಯ ಇನ್ನು ತುಂಬಬೇಕಾದ ಕೊರತೆ ಇದೇ.