ಜಿಎಸ್‌ಟಿ ಖಾತೆಯ ಬೀಗದ ಕೈ ಯಾರ ಬಳಿ ಇರಬೇಕು?

ಅಂಗಡಿಯ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಪರರಿಗೆ ಕೊಟ್ಟು ನಿಶ್ಚಿಂತನಾಗಿ ಮಲಗುವ ವರ್ತಕ ಯಾವ ಊರಿನಲ್ಲಿಯೂ ಸಿಗಲಾರ. ಆದರೆ ಅದೇ ವ್ಯಾಪಾರದ ಜಿಎಸ್‌ಟಿ ಖಾತೆಯ ಪಾಸ್‌ವರ್ಡ್ ಯಾರ ಬಳಿ ಇದೆ, ಓಟಿಪಿ ಯಾರ ಮೊಬೈಲಿಗೆ ಬರುತ್ತದೆ ಎಂದು ಕೇಳಿದರೆ ಅನೇಕರಿಂದ ಸ್ಪಷ್ಟ ಉತ್ತರ ದೊರೆಯುವುದಿಲ್ಲ. ಆಳಂದ ತಾಲ್ಲೂಕಿನ ಖಜೂರಿಯಂತಹ ಗಡಿಭಾಗದ ಊರಿನಲ್ಲಿ ಕಬ್ಬಿಣ, ಸಿಮೆಂಟು, ಗೊಬ್ಬರದ ವ್ಯಾಪಾರ ಮಾಡುವವರು ತೆರಿಗೆಯ ಕೆಲಸವನ್ನು ಆಳಂದ ಅಥವಾ ಕಲಬುರಗಿಯ ಸಲಹೆಗಾರರಿಗೆ ಒಪ್ಪಿಸುವುದು ಸಹಜ. ಕೆಲಸವನ್ನು ಒಪ್ಪಿಸುವುದು ಬೇರೆ, ಅಧಿಕಾರವನ್ನು ಒಪ್ಪಿಸುವುದು ಬೇರೆ ಎಂಬುದನ್ನು ಮಾತ್ರ ಮರೆಯಬಾರದು.

ತೊಂದರೆಯ ಮೂಲ

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಅವಸರದಲ್ಲಿ ನಡೆದ ಎಷ್ಟೋ ನೋಂದಣಿಗಳಲ್ಲಿ ಮಧ್ಯವರ್ತಿಗಳು ತಮ್ಮದೇ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ನಮೂದಿಸಿದರು. ಮುಂದೆ ಅವರು ವಿವರಗಳನ್ನು ಕೊಡುತ್ತಿಲ್ಲವೆಂಬ ದೂರುಗಳು ಬಂದುದರಿಂದ ಕೇಂದ್ರ ಹಣಕಾಸು ಸಚಿವಾಲಯವು 2018ರ ಜೂನ್‌ನಲ್ಲಿ ಪರಿಹಾರ ಮಾರ್ಗವೊಂದನ್ನು ಪ್ರಕಟಿಸಿತು. ಅದರಂತೆ ವರ್ತಕನು ದಾಖಲೆಗಳೊಡನೆ ತನ್ನ ವ್ಯಾಪ್ತಿಯ ತೆರಿಗೆ ಅಧಿಕಾರಿಯನ್ನು ಕಂಡರೆ, ಅಧಿಕಾರಿಯು ಪರಿಶೀಲಿಸಿ ಹೊಸ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ದಾಖಲಿಸುತ್ತಾರೆ.

ಇದು ಬರಿಯ ಅನುಕೂಲದ ಪ್ರಶ್ನೆಯಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 169ನೆಯ ಕಲಮಿನ ಪ್ರಕಾರ ನೋಂದಾಯಿತ ಇ-ಮೇಲಿಗೆ ಕಳುಹಿಸುವುದು ಹಾಗೂ ಜಾಲತಾಣದಲ್ಲಿ ಪ್ರಕಟಿಸುವುದು ನೋಟೀಸು ಜಾರಿಯ ಮಾನ್ಯ ವಿಧಾನಗಳಾಗಿವೆ. ನೋಟೀಸು ಪರರ ಇ-ಮೇಲಿನಲ್ಲಿ ಬಿದ್ದಿದ್ದು ಏಕಪಕ್ಷೀಯ ಆದೇಶವಾದರೆ, ಮೊದಲ ಮೇಲ್ಮನವಿಗೆ ಇರುವುದು 3 ತಿಂಗಳ ಅವಧಿ ಮಾತ್ರ. ತಕ್ಕ ಕಾರಣವಿದ್ದಲ್ಲಿ ಇನ್ನೊಂದು ತಿಂಗಳು ಸಿಗಬಹುದು.

ಸಹಿದಾರರ ಬದಲಾವಣೆ

ಜಾಲತಾಣದಲ್ಲಿ ಒಬ್ಬ ಪ್ರಧಾನ ಅಧಿಕೃತ ಸಹಿದಾರ ಇರುತ್ತಾನೆ. ಓಟಿಪಿಗಳು ಹೋಗುವುದು ಇವನ ಮೊಬೈಲಿಗೆ. ಈ ಸ್ಥಾನವು ಮಾಲೀಕ ಅಥವಾ ಪಾಲುದಾರನ ಹೆಸರಿನಲ್ಲಿರುವುದು ಕ್ಷೇಮ. ವ್ಯಾಪಾರದ ಹೆಸರು, ಮುಖ್ಯ ವಿಳಾಸ, ಪಾಲುದಾರರ ಸೇರ್ಪಡೆ ಮುಂತಾದ ತಿದ್ದುಪಡಿಗಳಿಗೆ ಅಧಿಕಾರಿಯ ಒಪ್ಪಿಗೆ ಬೇಕು. ಸಹಿದಾರರ ವಿವರವನ್ನು ತಿದ್ದಲು ಅದು ಬೇಕಿಲ್ಲ. ಬದಲಾವಣೆಯಾದ 15 ದಿನಗಳೊಳಗೆ ಅರ್ಜಿ ಸಲ್ಲಿಸಬೇಕೆಂಬುದು ನಿಯಮ.

‘ಸೇವ್’ ಮಾಡಿದರೆ ಸಾಲದು

ಬಹುಮಂದಿ ಎಡವುವುದು ಇಲ್ಲಿಯೇ. ಹೊಸ ಮೊಬೈಲ್ ಸಂಖ್ಯೆಯನ್ನು ತುಂಬಿ ‘ಸೇವ್’ ಒತ್ತಿದೊಡನೆ ಬದಲಾವಣೆ ಆಯಿತೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಕರಡು ಮಾತ್ರ. 15 ದಿನಗಳೊಳಗೆ ಸಲ್ಲಿಸದಿದ್ದರೆ ಕರಡು ತಾನಾಗಿ ಅಳಿದುಹೋಗಿ ಹಳೆಯ ವಿವರವೇ ಉಳಿಯುತ್ತದೆ. ಸೇವ್ ಮಾಡದೆಯೇ ಗಿರಾಕಿಯೊಡನೆ ಮಾತಿಗೆ ಕುಳಿತರಂತೂ ಸ್ವಲ್ಪ ಹೊತ್ತಿನಲ್ಲಿ ಜಾಲತಾಣವು ಲಾಗ್‌ಔಟ್ ಆಗಿ, ತುಂಬಿದ್ದೆಲ್ಲ ವ್ಯರ್ಥವಾಗುತ್ತದೆ. ಓಟಿಪಿ ಅಥವಾ ಡಿಜಿಟಲ್ ಸಹಿಯಿಂದ ದೃಢೀಕರಿಸಿ, ‘ಎಆರ್‌ಎನ್’ ಎಂಬ ಸ್ವೀಕೃತಿ ಸಂಖ್ಯೆ ಕೈಸೇರಿದಾಗಲೇ ಅರ್ಜಿ ಸಲ್ಲಿಕೆಯಾದಂತೆ.

ಜಿಎಸ್‌ಟಿಆರ್-3ಬಿ ನಮೂನೆಗೂ ಇದೇ ಮಾತು ಅನ್ವಯಿಸುತ್ತದೆ. ಸೇವ್ ಆದ ನಮೂನೆ ಸಲ್ಲಿಕೆಯಾದ ನಮೂನೆಯಲ್ಲ. ಸತತ ಎರಡು ತೆರಿಗೆ ಅವಧಿಗಳ ನಮೂನೆ ಬಾಕಿಯಾದರೆ ಕಳುಹಿಸುವ ಸರಕಿಗೆ ಇ-ವೇ ಬಿಲ್ ತೆಗೆಯುವ ಸೌಲಭ್ಯವೇ ನಿಲ್ಲುತ್ತದೆ. ಗಡಿಯಾಚೆಗೆ ಲಾರಿ ಕಳುಹಿಸುವವರಿಗೆ ಇದರ ಪೆಟ್ಟು ಎಷ್ಟೆಂದು ಹೇಳಬೇಕಾಗಿಲ್ಲ.

ಗುಮಾಸ್ತರಿಗೆ ಪ್ರತ್ಯೇಕ ಲಾಗಿನ್

ಇ-ವೇ ಬಿಲ್ ತೆಗೆಯುವ ಗುಮಾಸ್ತನಿಗೆ ಮಾಲೀಕನು ತನ್ನ ಪಾಸ್‌ವರ್ಡ್ ಕೊಡಬೇಕಾಗಿಲ್ಲ. ಇ-ವೇ ಬಿಲ್ ಜಾಲತಾಣದಲ್ಲಿ ಅವನ ಹೆಸರಿನಲ್ಲಿ ‘ಸಬ್ ಯೂಸರ್’ ರಚಿಸಿ, ಬೇಕಾದ ಕೆಲಸಕ್ಕೆ ಮಾತ್ರ ಅನುಮತಿ ನೀಡಬಹುದು. ನೌಕರಿ ಬಿಟ್ಟ ದಿನವೇ ಆ ಲಾಗಿನ್ನನ್ನು ‘ಫ್ರೀಜ್’ ಮಾಡಬಹುದು. 2025ರ ಏಪ್ರಿಲ್ 1ರಿಂದ ಎಲ್ಲ ವರ್ತಕರಿಗೂ ಓಟಿಪಿ ಸಹಿತ ಪ್ರವೇಶ ಕಡ್ಡಾಯವೆಂದು ಪ್ರಕಟಿಸಲಾಗಿದ್ದು, ಸಬ್ ಯೂಸರ್‌ಗಳ ಓಟಿಪಿ ಅವರವರ ಮೊಬೈಲಿಗೆ ಬರುತ್ತದೆ. ಆದ್ದರಿಂದ ಮಾಲೀಕನ ಫೋನಿಗಾಗಿ ಲಾರಿ ಕಾಯುವ ಪ್ರಸಂಗವೂ ತಪ್ಪುತ್ತದೆ.

ವರ್ತಕ ಬಾಂಧವರು ಗಮನಿಸಬೇಕಾದುದು

1. ನೋಂದಣಿಯಲ್ಲಿರುವ ಇ-ಮೇಲ್ ಹಾಗೂ ಮೊಬೈಲ್ ಸಂಖ್ಯೆ ಸ್ವಂತದ್ದೇ ಎಂದು ಇಂದೇ ಪರೀಕ್ಷಿಸಬೇಕು.

2. ಪ್ರತಿ ತಿದ್ದುಪಡಿಯ ಎಆರ್‌ಎನ್ ಪ್ರತಿಯನ್ನು ಕಡತದಲ್ಲಿಡಬೇಕು.

3. ಗುಮಾಸ್ತ ಅಥವಾ ಸಲಹೆಗಾರ ಬದಲಾದ ಕೂಡಲೇ ಪಾಸ್‌ವರ್ಡನ್ನೂ ಬದಲಾಯಿಸಬೇಕು.

4. ವಾರಕ್ಕೊಮ್ಮೆಯಾದರೂ ಜಾಲತಾಣದ ನೋಟೀಸು ವಿಭಾಗವನ್ನು ಸ್ವತಃ ನೋಡಬೇಕು.

ಒಳ್ಳೆಯ ಸಲಹೆಗಾರರು ಈ ಎಚ್ಚರಿಕೆಯನ್ನು ಅವಿಶ್ವಾಸವೆಂದು ಭಾವಿಸುವುದಿಲ್ಲ. ಲೆಕ್ಕ ಬರೆಯುವವರು ಯಾರೇ ಇರಲಿ, ಕಾಯ್ದೆಯ ಮುಂದೆ ಉತ್ತರ ಕೊಡಬೇಕಾದವನು ನೋಂದಾಯಿತ ವರ್ತಕನೇ.