ದಡ್ಡ ಅನ್ನೋ ಮೊದಲು ಒಂದು ಟೆಸ್ಟ್

ಒತ್ತಕ್ಷರ ಬಿಡೋದು, ದ–ಧ ಅದಲುಬದಲು ಮಾಡೋದು ಎಲ್ಲ ಮಕ್ಕಳಲ್ಲೂ ಇರುತ್ತೆ. ಸರಿಯಾಗಿ ಕಲಿಸಿದ ಮೇಲೂ, ಎಂಟು ವರ್ಷ ತುಂಬಿದ್ರೂ ಹೋಗದಿದ್ರೆ ತೋರಿಸಲೇಬೇಕು. ಅಣ್ಣಿಗೇರಿಯಲ್ಲಿರೋ ನಮ್ಮಕ್ಕನ ಮಗ ಸಂತೆ ಲೆಕ್ಕ ಬಾಯಲ್ಲೇ ಹೇಳ್ತಾನೆ, 'ಕತ್ತೆ' ಬರಿ ಅಂದ್ರೆ 'ಕತೆ' ಬರೀತಾನೆ. ಇದಕ್ಕೆ ಮನೆಯವರ ಮದ್ದು ಇನ್ನೊಂದು ಟ್ಯೂಷನ್!

2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಸಿಕ್ಕರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. 'ಅಂಗವೈಕಲ್ಯ' ಅಂದ ಕೂಡ್ಲೇ ಅಕ್ಕನ ಅತ್ತೆ, "ಮಂದಿ ಏನಂದಾರು?" ಅಂದ್ರು. "ಈಗೇನ್ ದಡ್ಡ ಅನ್ನಾಕತ್ತಿಲ್ಲೇನ್ರಿ ಅತ್ತಿ?" ಅಂದ್ಲು ಅಕ್ಕ.

ಬೆಂಗಳೂರಿಗೆ ಓಡಬೇಕಿಲ್ಲ, ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಮೊದಲು ಕಣ್ಣು, ಕಿವಿ ನೋಡಿಸಬೇಕು. ಆಮೇಲೆ ಬುದ್ಧಿಮತ್ತೆ, ನಂತರ ಓದು, ಬರಹ, ಲೆಕ್ಕದ ಪರೀಕ್ಷೆ. ಒಂದೇ ದಿನಕ್ಕೆ ಮುಗಿಯದೆಯೂ ಇರಬಹುದು, ರಜೆ ಹಾಕುವಾಗ ನೆನಪಿರಲಿ. ಸಾಲಿ ನೋಟ್‌ಬುಕ್ ತಗೊಂಡು ಹೋಗಿ, ತಿದ್ದಿಸಿದ್ದಲ್ಲ, ತಪ್ಪಿರೋದನ್ನೇ. ಮಗು ಕನ್ನಡ ಮಾಧ್ಯಮದಲ್ಲಿದ್ರೆ ಯಾವ ಭಾಷೆಯಲ್ಲಿ ಟೆಸ್ಟ್ ಮಾಡ್ತೀರಿ ಅಂತ ಮೊದಲೇ ಕೇಳಿ. ಇಂಗ್ಲಿಷ್ ಹಾಳೆಯಲ್ಲಿ ತಪ್ಪಿದ್ರೆ ಅದು ಬರೀ ಇಂಗ್ಲಿಷ್ ಬಾರದ್ದೂ ಆಗಿರಬಹುದು.